ಪೇಟೆಗೆ ಹೋದಾಗ ಎಲ್ಲಿ ಉಣ್ಣುತ್ತೀರಿ?



ಭತ್ತ ಮಾರಲೆಂದು ನೀವು ಹಳಿಯಾಳದ ಪೇಟೆಗೆ ಬಂದಿದ್ದೀರಿ ಎಂದಿಟ್ಟುಕೊಳ್ಳೋಣ. ನಸುಕಿನಲ್ಲಿಯೇ ಮನೆ ಬಿಟ್ಟಿದ್ದೀರಿ. ತೂಕ, ಹಮಾಲಿ, ಲೆಕ್ಕದ ಪಟ್ಟಿ ಎಲ್ಲ ಮುಗಿಯುವ ಹೊತ್ತಿಗೆ ಮಧ್ಯಾಹ್ನ ಎರಡು ಗಂಟೆ ಆಗಿರುತ್ತದೆ. ಬುತ್ತಿ ತಂದಿಲ್ಲ. ಹೊಟ್ಟೆ ಹಸಿದಿದೆ. ಆಗ ನೀವು ಎಲ್ಲಿಗೆ ಹೋಗುತ್ತೀರಿ?

ನಮ್ಮಲ್ಲಿ ಹೆಚ್ಚಿನವರು ದೊಡ್ಡ ರಸ್ತೆಯಲ್ಲಿ ಬಣ್ಣದ ಬೋರ್ಡು ಹಾಕಿದ ಹೋಟೆಲಿಗೆ ಹೋಗುತ್ತಾರೆ. ಅಲ್ಲಿ ಪಂಖ ತಿರುಗುತ್ತಿರುತ್ತದೆ, ಮೇಜಿಗೆ ಗಾಜು ಇರುತ್ತದೆ. ಊಟ ಮಾತ್ರ ಹುಬ್ಬಳ್ಳಿಯಲ್ಲಿಯೂ ಅದೇ, ಬೆಂಗಳೂರಿನಲ್ಲಿಯೂ ಅದೇ. ಅದರ ಹಿಂದಿನ ಓಣಿಯಲ್ಲಿ ಬೋರ್ಡೇ ಇಲ್ಲದ ಒಂದು ಖಾನಾವಳಿ ಇರುತ್ತದೆ. ಒಳಗೆ ನಾಲ್ಕು ಬಾಕು, ಒಂದು ಒಲೆ, ರೊಟ್ಟಿ ಬಡಿಯುವ ಸದ್ದು. ಅದನ್ನು ನಾವು ದಾಟಿ ಹೋಗುತ್ತೇವೆ.

ಬೀಜ, ಗೊಬ್ಬರ, ಕೀಟ, ರೋಗಗಳ ವಿಷಯ ಬರೆಯುವ ಈ ಪತ್ರಿಕೆಯಲ್ಲಿ ಹೋಟೆಲಿನ ಮಾತೇಕೆ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಬೆಳೆ ಹೊಲದಲ್ಲಿ ಮುಗಿಯುವುದಿಲ್ಲ. ಅದು ಯಾರದಾದರೂ ಎಲೆಯ ಮೇಲೆ ಬಿದ್ದಾಗ ಮುಗಿಯುತ್ತದೆ. ಆ ಎಲೆ ಯಾವುದು, ಅದನ್ನು ಹಾಕಿದವರು ಯಾರು ಎಂಬುದನ್ನು ನಾವು ವಿಚಾರಿಸದೇ ಇದ್ದುದರಿಂದಲೇ ನಮ್ಮ ಎಷ್ಟೋ ಬೆಳೆಗಳಿಗೆ ಪೇಟೆ ಇಲ್ಲದಂತಾಗಿದೆ. ಸಣ್ಣ ಖಾನಾವಳಿ ರೈತನಿಗೆ ಹಸಿವು ತಣಿಸುವ ಜಾಗ ಮಾತ್ರವಲ್ಲ, ಮೂಟೆ ತುಂಬದ ಬೆಳೆಗೆ ಉಳಿದಿರುವ ಒಂದು ಮಾರುಕಟ್ಟೆ. ಅದನ್ನು ಹುಡುಕಿಕೊಂಡು ಹೋಗಿ ಉಣ್ಣಿರಿ, ಹುಡುಕಿಕೊಂಡು ಹೋಗಿ ಮಾರಿರಿ ಎಂಬುದು ಈ ಲೇಖನದ ಅಭಿಪ್ರಾಯ.

ರೊಟ್ಟಿಯ ಸೀಮೆ, ಅನ್ನದ ಸೀಮೆ

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳನ್ನು ನೋಡಿರಿ. ಧಾರವಾಡದ ಬಯಲು ಮುಗಿದು ಸಹ್ಯಾದ್ರಿಯ ಕಾಡು ಮೊದಲಾಗುವ ಜಾಗ ಇದು. ಇಷ್ಟು ಕಡಿಮೆ ಹಾದಿಯಲ್ಲಿ ಇಷ್ಟು ಬಗೆಯ ಅಡಿಗೆ ಸಿಗುವ ಪ್ರದೇಶ ನಾಡಿನಲ್ಲಿ ಹೆಚ್ಚಿಲ್ಲ.

ಹಳಿಯಾಳದಲ್ಲಿ ಜೋಳದ ರೊಟ್ಟಿಯೂ ಇದೆ, ಅನ್ನವೂ ಇದೆ. ಧಾರವಾಡದ ಕಡೆಯಿಂದ ಬಂದ ರೊಟ್ಟಿ, ಝುಣಕ, ಎಣಗಾಯಿ, ಶೇಂಗಾ ಹಿಂಡಿ ಒಂದು ಕಡೆ. ಇಲ್ಲಿಯ ಕೂರಿಗೆ ಭತ್ತದ ಅನ್ನ ಇನ್ನೊಂದು ಕಡೆ. ಪೇಟೆಯ ಆಸುಪಾಸಿನ ಹಳೆಯ ಖಾನಾವಳಿಗಳಲ್ಲಿ ಈ ಎರಡೂ ಒಂದೇ ತಾಟಿನಲ್ಲಿ ಬರುತ್ತವೆ. ಮುಗದ ಸಂಶೋಧನ ಕೇಂದ್ರದಿಂದ ಬಂದ ಅಭಿಲಾಷದಂತಹ ತಳಿಗಳನ್ನು ಈ ಭಾಗದ ರೈತರು ಬಲ್ಲರು. ತಾವು ಬೆಳೆದ ತಳಿಯ ಅನ್ನ ಬೆಂದಾಗ ಹೇಗಿರುತ್ತದೆ, ಆರಿದ ಮೇಲೆ ಹೇಗಿರುತ್ತದೆ ಎಂಬುದನ್ನು ಮಾತ್ರ ಬೆಳೆದವರಿಗಿಂತ ದಿನವೂ ಬೇಯಿಸುವ ಖಾನಾವಳಿಯ ತಾಯಿ ಚೆನ್ನಾಗಿ ಬಲ್ಲಳು. ಒಮ್ಮೆ ಕೇಳಿ ನೋಡಿರಿ. ಯಾವ ಅಕ್ಕಿ ಎಷ್ಟು ನೀರು ಕುಡಿಯುತ್ತದೆ, ಯಾವುದು ರಾತ್ರಿಯವರೆಗೆ ಹಳಸದೆ ಇರುತ್ತದೆ ಎಂದು ಹೇಳುತ್ತಾಳೆ. ಬರುವ ವರ್ಷ ಯಾವ ಬೀಜ ಹಾಕಬೇಕೆಂಬ ವಿಚಾರಕ್ಕೆ ಈ ಮಾತೂ ಬೇಕು.

ಹಿಂದೆ ಹಳಿಯಾಳಕ್ಕೇ ಸೇರಿದ್ದ ದಾಂಡೇಲಿ ಈಗ ಪ್ರತ್ಯೇಕ ತಾಲ್ಲೂಕು. 1955ರಲ್ಲಿ ವೆಸ್ಟ್ ಕೋಸ್ಟ್ ಕಾಗದ ಕಂಪನಿ ಸ್ಥಾಪನೆಯಾದ ಮೇಲೆ ಅದರ ಕಾರ್ಖಾನೆಗಾಗಿ ಹಲವು ಸೀಮೆಗಳ ಕೆಲಸಗಾರರು ಇಲ್ಲಿಗೆ ಬಂದು ನೆಲೆಸಿದರು. ಕನ್ನಡ, ಮರಾಠಿ, ಕೊಂಕಣಿ, ಉರ್ದು, ತೆಲುಗು ಎಲ್ಲವೂ ಈ ಊರಿನ ಬೀದಿಯಲ್ಲಿ ಕೇಳಿಸುತ್ತವೆ. ಪಾಳಿಯ ಕೆಲಸದವರಿಗಾಗಿ ಹುಟ್ಟಿದ ಚಹಾದ ಅಂಗಡಿಗಳು, ತಿಂಗಳ ಲೆಕ್ಕದ ಊಟದ ಮನೆಗಳು ಈ ಊರಿನ ನಿಜವಾದ ಆಸ್ತಿ. ಉಸಳಿಗೆ ಪಾವ್ ಅದ್ದಿ ತಿನ್ನುವವನ ಪಕ್ಕದಲ್ಲಿ ರೊಟ್ಟಿ ಮುರಿಯುವವನು ಕುಳಿತಿರುತ್ತಾನೆ.

ಚಹಾದ ಹಾಲಿನ ಮಾತನ್ನೂ ಹೇಳಬೇಕು. ಕಾಡಿನ ಅಂಚಿನ ಗೌಳಿವಾಡಗಳಿಂದ ಎಮ್ಮೆಯ ಹಾಲು ತಂದು ಊರಿನ ಅಂಗಡಿಗಳಿಗೆ ಹಾಕುವ ರೂಢಿ ಈ ತಾಲ್ಲೂಕುಗಳಲ್ಲಿ ಬಹು ಹಿಂದಿನದು. ಪಾಕೀಟಿನ ಹಾಲು ಬಂದ ಮೇಲೆ ಅದು ಕಡಿಮೆಯಾಯಿತು. ಇಂದಿಗೂ ಗೌಳಿಯ ಹಾಲಿನಿಂದಲೇ ಚಹಾ ಕಾಯಿಸುವ ಅಂಗಡಿ ಸಿಕ್ಕರೆ ಬಿಡಬೇಡಿರಿ. ಆ ಎಮ್ಮೆಯ ಗೊಬ್ಬರವೇ ನಿಮ್ಮ ಗದ್ದೆಗೆ ಬರುವುದು. ಗೌಳಿಗೆ ಹಾಲಿನ ಹಣ ನಿಂತರೆ ಎಮ್ಮೆ ಮಾರುತ್ತಾನೆ. ಎಮ್ಮೆ ಹೋದರೆ ನಿಮ್ಮ ಗೊಬ್ಬರ ಹೋಯಿತು.

ಜೋಯಿಡಾದ ಗಡ್ಡೆ

ಜೋಯಿಡಾ ತಾಲ್ಲೂಕಿನ ಹಳೆಯ ಹೆಸರು ಸೂಪಾ. ಕಾಳಿ ನದಿಗೆ ಅಣೆಕಟ್ಟು ಎದ್ದು 1980ರ ದಶಕದಲ್ಲಿ ಸೂಪಾ ಊರು ನೀರಿನ ಪಾಲಾಯಿತು. ಮನೆ ಕಳೆದುಕೊಂಡ ಹಲವರು ರಾಮನಗರಕ್ಕೆ ಬಂದರು. ಅವರ ಜೊತೆಗೆ ಅಡಿಗೆಯೂ ಬಂದಿತು. ಕುಚ್ಚಲಕ್ಕಿಯ ಅನ್ನ, ಮುರುಗಲಿನ ಸೋಲಕಡಿ, ಕಾರವಾರದಿಂದಲೋ ಗೋವೆಯಿಂದಲೋ ಘಟ್ಟ ಹತ್ತಿ ಬಂದ ಬಂಗಡೆಯ ಸಾರು ಈ ಕಡೆಯ ಸಣ್ಣ ಊಟದ ಮನೆಗಳಲ್ಲಿ ಸಿಗುತ್ತವೆ. ಕೆಲವು ಕಡೆ ಹೊರಗೆ ಹಲಗೆಯೂ ಇರುವುದಿಲ್ಲ. ಮುಂಜಾನೆ ಹೇಳಿ ಹೋದರೆ ಮಧ್ಯಾಹ್ನಕ್ಕೆ ಅಡಿಗೆ ಮಾಡಿ ಇಟ್ಟಿರುತ್ತಾರೆ.

ಈ ತಾಲ್ಲೂಕಿನ ನಿಜವಾದ ಸಂಪತ್ತು ಮಣ್ಣಿನೊಳಗೆ ಇದೆ. ಕುಣಬಿ ಕುಟುಂಬಗಳು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಗಡ್ಡೆ-ಗೆಣಸುಗಳಿಗೆ ಲೆಕ್ಕವಿಲ್ಲ. ಅದರಲ್ಲಿ ಮುಡ್ಲಿ ಎಂಬ ಕೆಸುವಿನ ಜಾತಿಯ ಗಡ್ಡೆ ಹೆಸರಾದದ್ದು. ಮಳೆಗೆ ಮೊದಲು ನೆಟ್ಟು ಚಳಿಗಾಲದಲ್ಲಿ ಕೀಳುತ್ತಾರೆ. ಜೋಯಿಡಾದಲ್ಲಿ ಈಗ ಗಡ್ಡೆ-ಗೆಣಸು ಮೇಳವೂ ನಡೆಯುತ್ತಿದ್ದು, ದೂರದ ಊರಿನವರೂ ಬಂದು ಕೊಂಡುಕೊಂಡು ಹೋಗುತ್ತಾರೆ. ಆದರೆ ಮೇಳ ಎಷ್ಟು ದಿನದ್ದು? ವರ್ಷದ ಉಳಿದ ದಿನಗಳಲ್ಲಿ ಬುಟ್ಟಿಯ ಗಡ್ಡೆಯನ್ನು ಯಾರು ಕೊಳ್ಳಬೇಕು? ದೊಡ್ಡ ವ್ಯಾಪಾರಿಗೆ ಲಾರಿ ತುಂಬಬೇಕು. ಒಂದು ಬುಟ್ಟಿ ಮುಡ್ಲಿ, ಎರಡು ಸೇರು ಒಣ ಮುರುಗಲು, ಹತ್ತು ಸೌತೆಕಾಯಿ ಕೊಳ್ಳುವವರು ಖಾನಾವಳಿಯವರು ಮಾತ್ರ.

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ಈ ಭಾಗದ ಒಂದು ಊರಿನಲ್ಲಿ ಗಡ್ಡೆ ಬೆಳೆಗಳ ಬಗ್ಗೆ ರೈತರ ಸಭೆ ಏರ್ಪಟ್ಟಿತ್ತು. ಊಟದ ಏರ್ಪಾಡು ನನ್ನ ಪಾಲಿಗೆ ಬಂದಿತ್ತು. ಸುಲಭವಾಗಲಿ ಎಂದು ದೂರದ ಪೇಟೆಯ ಅಡಿಗೆಯವರಿಗೆ ಹೇಳಿಬಿಟ್ಟೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಮುಡ್ಲಿಯ ಗುಣ, ಗೆಣಸಿನ ಪೌಷ್ಟಿಕತೆ ಎಂದು ಭಾಷಣವಾಯಿತು. ಊಟಕ್ಕೆ ಕುಳಿತರೆ ಎಲೆಯಲ್ಲಿ ಆಲೂಗಡ್ಡೆ ಮತ್ತು ಹಸಿ ಬಟಾಣಿಯ ಪಲ್ಯ! ಸಭೆಗೆ ತೋರಿಸಲು ಮುಡ್ಲಿ ತಂದಿದ್ದ ಹೆಣ್ಣುಮಗಳು ಬುಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡೇ ಅದನ್ನು ಉಂಡಳು. ಹಳಿಯಾಳದ ಕಡೆಯ ಹಿರಿಯ ರೈತರೊಬ್ಬರು ಕೈ ತೊಳೆಯುವಾಗ ನನ್ನ ಹತ್ತಿರ ಬಂದು, "ಸಾಹೇಬ್ರ, ಮುಡ್ಲಿ ಬರೇ ಮಾತಿಗೆ ಏನ್ರಿ, ಊಟಕ್ಕ ಇಲ್ಲೇನ್ರಿ?" ಎಂದರು. ಉತ್ತರ ಕೊಡಲಾಗಲಿಲ್ಲ. ಅದೇ ಊರಿನಲ್ಲಿ ಎರಡು ಊಟದ ಮನೆಗಳು ಇದ್ದವು. ಹೇಳಿದ್ದರೆ ಆ ಬುಟ್ಟಿಯ ಮುಡ್ಲಿಯೇ ಪಲ್ಯವಾಗುತ್ತಿತ್ತು. ಹಣವೂ ಊರಿನಲ್ಲಿಯೇ ಉಳಿಯುತ್ತಿತ್ತು.

ಗಡ್ಡೆ ತುರಿಸುತ್ತದೆ ಎಂದು ಹೋಟೆಲಿನವರು ಹಿಂಜರಿಯುವುದುಂಟು. ಕೆಸುವಿನ ಜಾತಿಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಲವಣದ ಸೂಜಿಯಂತಹ ಹರಳುಗಳು ಇರುತ್ತವೆ. ತುರಿಕೆಗೆ ಅವೇ ಕಾರಣ. ಸಿಪ್ಪೆ ದಪ್ಪನಾಗಿ ತೆಗೆದು, ನೀರಿನಲ್ಲಿ ಚೆನ್ನಾಗಿ ಬೇಯಿಸಿ, ಆ ನೀರು ಬಸಿದು, ಹುಣಸೆಹಣ್ಣನ್ನೋ ಮುರುಗಲನ್ನೋ ಹಾಕಿದರೆ ತೊಂದರೆ ಬಹಳಷ್ಟು ತಪ್ಪುತ್ತದೆ. ಕುಣಬಿ ಮನೆಯ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಗಡ್ಡೆ ಮಾರುವಾಗ ಅಡಿಗೆಯ ವಿಧಾನವನ್ನೂ ಕೂಡಿಯೇ ಹೇಳಿ ಕೊಡಿರಿ.

ಕಾಳಿ ನದಿಯ ದಂಡೆಗೆ, ಗಣೇಶಗುಡಿಯ ಕಡೆಗೆ ಈಗ ಪ್ರವಾಸಿಗರು ದಂಡಾಗಿ ಬರುತ್ತಿದ್ದಾರೆ. 2007ರಲ್ಲಿ ದಾಂಡೇಲಿ-ಅಣಶಿ ಎಂದು ಘೋಷಿತವಾಗಿ, 2015ರಲ್ಲಿ ಕಾಳಿ ಎಂದು ಹೆಸರು ಪಡೆದ ಹುಲಿ ಸಂರಕ್ಷಿತ ಪ್ರದೇಶವೂ ಅವರನ್ನು ಕರೆಯುತ್ತದೆ. ಅವರಿಗೆ ಬಡಿಸುವ ಎಷ್ಟೋ ವಸತಿಗೃಹಗಳಲ್ಲಿ ಊಟ ಬೇರೆಲ್ಲಿಯದೋ ಆಗಿರುತ್ತದೆ. ಕಾಡುಹಂದಿ ಅಗೆದು ಉಳಿಸಿದ ಗಡ್ಡೆಯನ್ನು ಬೆಳೆದವನು ಹೊತ್ತು ತಿರುಗುತ್ತಾನೆ. ಅದೇ ರಸ್ತೆಯಲ್ಲಿ ಹೊರಗಿನ ತರಕಾರಿಯ ಗಾಡಿ ಹೋಗುತ್ತದೆ. ಇಟಲಿ ದೇಶದಲ್ಲಿ 1985ರಲ್ಲಿ ಒಂದು ಕಾನೂನು ಬಂದಿತು. ರೈತನು ತನ್ನ ಮನೆಯಲ್ಲಿ ಪ್ರವಾಸಿಗರಿಗೆ ಊಟ-ವಸತಿ ಕೊಡಬಹುದು. ಆದರೆ ಬಡಿಸುವುದರಲ್ಲಿ ತನ್ನ ಹೊಲದ, ತನ್ನ ಸೀಮೆಯ ಪದಾರ್ಥಕ್ಕೆ ಪಾಲು ಇರಲೇಬೇಕು ಎಂಬುದು ಅದರ ತಿರುಳು. ನಮ್ಮಲ್ಲಿ ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ಮನೆಯಲ್ಲಿಯೇ ಪ್ರವಾಸಿಗರನ್ನು ಇಟ್ಟುಕೊಳ್ಳುವ ಜೋಯಿಡಾದ ರೈತರು ಈ ಕಟ್ಟನ್ನು ತಮಗೆ ತಾವೇ ಹಾಕಿಕೊಳ್ಳಬಹುದು.

ಮುಂಡಗೋಡದ ಕ್ಯಾಂಪಿನಲ್ಲಿ

ಜೋಯಿಡಾ ನಾಲ್ಕರಲ್ಲಿ ಪಡುವಣದ ಅಂಚಾದರೆ ಮುಂಡಗೋಡ ಮೂಡಣದ ಅಂಚು. ಇಲ್ಲಿಯ ಕಥೆಯೇ ಬೇರೆ. 1966ರಲ್ಲಿ ಇಲ್ಲಿ ಟಿಬೇಟಿಯನ್ ನಿರಾಶ್ರಿತರ ವಸಾಹತು ಸ್ಥಾಪನೆಯಾಯಿತು. ಕಾಡು ಕಡಿದ ನೆಲದಲ್ಲಿ ಅವರು ಭತ್ತ, ಗೋವಿನಜೋಳ ಬೆಳೆದರು. ಬಳಿಕ ಗಾಂದೆನ್ ಮತ್ತು ಡ್ರೆಪುಂಗ್ ಮಠಗಳು ಇಲ್ಲಿ ಬೆಳೆದು ಸಾವಿರಾರು ಭಿಕ್ಷುಗಳಿಗೆ ಆಶ್ರಯ ಕೊಟ್ಟವು. ಕ್ಯಾಂಪುಗಳ ಒಳಗಿನ ಸಣ್ಣ ಊಟದ ಮನೆಗಳಲ್ಲಿ ಹಬೆಯಲ್ಲಿ ಬೇಯಿಸಿದ ಮೊಮೊ, ಶಾವಿಗೆಯಂತಹ ಎಳೆಗಳನ್ನು ತರಕಾರಿಯೊಡನೆ ಕುದಿಸಿದ ಥುಕ್ಪಾ, ಟಿಂಗ್ಮೊ ಎಂಬ ಹಬೆಯ ರೊಟ್ಟಿ, ಬೆಣ್ಣೆ-ಉಪ್ಪು ಹಾಕಿದ ಚಹಾ ಸಿಗುತ್ತವೆ.

ನಮ್ಮ ಅನೇಕ ರೈತರು ವರ್ಷಗಟ್ಟಲೆ ಆ ರಸ್ತೆಯಲ್ಲಿ ಓಡಾಡಿಯೂ ಒಳಗೆ ಹೋಗಿ ಒಂದು ಬಟ್ಟಲು ಥುಕ್ಪಾ ಕುಡಿದಿಲ್ಲ. ಸಂಕೋಚವೇ ಕಾರಣ. ಒಮ್ಮೆ ಹೋಗಿರಿ. ಮಾಂಸವಿಲ್ಲದ್ದು ಬೇಕೆಂದು ಕೇಳಿದರೆ ಅದೂ ಸಿಗುತ್ತದೆ. ಉಣ್ಣುತ್ತಾ ಬಟ್ಟಲಿನೊಳಗೆ ನೋಡಿರಿ: ಎಲೆಕೋಸು, ಗಜ್ಜರಿ, ಮೂಲಂಗಿ, ಉಳ್ಳಾಗಡ್ಡಿ ಸೊಪ್ಪು, ಹಸಿಶುಂಠಿ, ಕೊತ್ತಂಬರಿ. ಚಳಿಗಾಲದಲ್ಲಿ ನೀರಿನ ಅನುಕೂಲ ಇರುವ ಯಾವ ರೈತನಾದರೂ ಇವುಗಳಲ್ಲಿ ಹೆಚ್ಚಿನವನ್ನು ಮುಂಡಗೋಡದ ಮಣ್ಣಿನಲ್ಲಿ ಬೆಳೆಯಬಲ್ಲ. ಶುಂಠಿಯನ್ನಂತೂ ಬೆಳೆಯುತ್ತಲೇ ಇದ್ದೀರಿ. ಅವರ ವರ್ಷಾರಂಭದ ಲೋಸರ್ ಹಬ್ಬ ಫೆಬ್ರುವರಿ-ಮಾರ್ಚ್ ಸುಮಾರಿಗೆ ಬರುತ್ತದೆ. ಆ ಸಮಯಕ್ಕೆ ಕಟಾವಿಗೆ ಬರುವಂತೆ ಕೋಸಿನ ಸಸಿ ನೆಟ್ಟವನು ಬುದ್ಧಿವಂತ. ಒಂದು ಊಟದಿಂದ ತಿಳಿಯುವ ಈ ಸಂಗತಿ ಅಡತಿ ಅಂಗಡಿಯಲ್ಲಿ ಕುಳಿತರೆ ತಿಳಿಯುವುದಿಲ್ಲ.

ಲೆಕ್ಕ ಹಾಕಿ ನೋಡಿರಿ

ಸಣ್ಣ ಖಾನಾವಳಿಯಿಂದ ಎಷ್ಟು ವ್ಯಾಪಾರವಾದೀತು ಎಂದು ಹಗುರಾಗಿ ಕಾಣಬೇಡಿರಿ. ದಿನಕ್ಕೆ 80 ಊಟ ಹಾಕುವ ಒಂದು ಮನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಒಂದು ಊಟಕ್ಕೆ 150 ಗ್ರಾಂ ಅಕ್ಕಿಯಂತೆ ದಿನಕ್ಕೆ 12 ಕಿ.ಗ್ರಾಂ. ತಿಂಗಳಿಗೆ 26 ದಿನ ಎಂದರೆ 312 ಕಿ.ಗ್ರಾಂ. ಅಕ್ಕಿ. ನೂರಕ್ಕೆ 65ರಂತೆ ಅಕ್ಕಿ ಇಳಿಯುತ್ತದೆ ಎಂದು ಹಿಡಿದರೆ 480 ಕಿ.ಗ್ರಾಂ. ಭತ್ತ. ವರ್ಷಕ್ಕೆ ಸುಮಾರು 58 ಕ್ವಿಂಟಾಲ್. ಎಕರೆಗೆ 19 ಕ್ವಿಂಟಾಲ್ ಬೆಳೆಯುವ ರೈತನ ಮೂರು ಎಕರೆಯ ಬೆಳೆಯನ್ನು ಓಣಿಯೊಳಗಿನ ಒಂದು ಒಲೆಯೇ ಬೇಯಿಸಿ ಹಾಕುತ್ತದೆ! ಊಟಕ್ಕೆ 100 ಗ್ರಾಂನಂತೆ ಸೊಪ್ಪು-ತರಕಾರಿ ದಿನಕ್ಕೆ 8 ಕಿ.ಗ್ರಾಂ. ಬೇರೆ. ಇಂತಹ ನಾಲ್ಕು ಮನೆಗಳಿಗೆ ವಾರಕ್ಕೆ ಮೂರು ಸಲ ತರಕಾರಿ ಕೊಡುವ ರೈತನು ಬೆಲೆ ಬಿದ್ದ ದಿನ ಟೊಮೆಟೊವನ್ನು ರಸ್ತೆಗೆ ಸುರಿಯಬೇಕಾಗಿಲ್ಲ.

ತಪ್ಪು ಎರಡೂ ಕಡೆ ಇದೆ

ಖಾನಾವಳಿಯವರೆಲ್ಲ ದೇವರು ಎಂದು ನಾನು ಹೇಳುತ್ತಿಲ್ಲ. ಕೆಲವು ಕಡೆ ಕುಡಿಯುವ ನೀರು ಶುದ್ಧವಿರುವುದಿಲ್ಲ, ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸುತ್ತಾರೆ, ಉದ್ರಿ ತಿಂಗಳುಗಟ್ಟಲೆ ತೀರುವುದಿಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಪ್ರಕಾರ ಸಣ್ಣ ಊಟದ ಮನೆಯೂ ನೋಂದಣಿ ಮಾಡಿಸಿಕೊಳ್ಳತಕ್ಕದ್ದು. ಇದನ್ನು ತಿಳಿಯದವರಿಗೆ ತಿಳಿಸಿರಿ. ಕೊಳಕು ಕಂಡರೆ ಬಾಯಿಬಿಟ್ಟು ಹೇಳಿರಿ. ಒಳ್ಳೆಯ ಖಾನಾವಳಿಯನ್ನು ಗುರುತಿಸುವುದು ಕಷ್ಟವಲ್ಲ. ಪಲ್ಯ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಅಕ್ಕಿ ಯಾವ ಊರಿನದು ಎಂದು ಕೇಳಿದರೆ ಉತ್ತರ ಬರುತ್ತದೆ. ತಾಟು ತೊಳೆಯುವ ಜಾಗ ನೋಡಿದರೆ ಊಟ ಸೇರುತ್ತದೆ. ಊರಿನ ಕೆಲಸಗಾರರು ದಿನವೂ ಅಲ್ಲಿಯೇ ಉಣ್ಣುತ್ತಾರೆ. ಈ ನಾಲ್ಕು ಇದ್ದರೆ ಬೋರ್ಡು ಬೇಕಾಗಿಲ್ಲ.

ನಮ್ಮ ತಪ್ಪೂ ಇದೆ. ಒಂದು ವಾರ ತರಕಾರಿ ಕೊಟ್ಟು, ಸಂತೆಯಲ್ಲಿ ಎರಡು ರೂಪಾಯಿ ಹೆಚ್ಚು ಸಿಕ್ಕಿತೆಂದು ಮುಂದಿನ ವಾರ ಕೈಕೊಡುತ್ತೇವೆ. ಮೇಲೆ ಒಳ್ಳೆಯದು, ಕೆಳಗೆ ಹುಳುಕು ತುಂಬುತ್ತೇವೆ. ಒಲೆ ಹೊತ್ತಿಸಿ ಕುಳಿತವರಿಗೆ ಬೆಲೆಗಿಂತ ಮಾತು ಮುಖ್ಯ. ಆದುದರಿಂದ ಮಾರುವಾಗ ಈ ಕೆಲವು ಸಂಗತಿಗಳನ್ನು ನೆನಪಿಡಿರಿ.

1. ಒಬ್ಬರೇ ಹೋಗಬೇಡಿರಿ. ಐದಾರು ಜನ ರೈತರು ಕೂಡಿಕೊಂಡರೆ ಒಬ್ಬನಲ್ಲಿ ಇಲ್ಲದ್ದು ಇನ್ನೊಬ್ಬನಲ್ಲಿ ಇರುತ್ತದೆ, ದಿನ ತಪ್ಪುವುದಿಲ್ಲ.

2. ಗಡ್ಡೆ, ಸೊಪ್ಪುಗಳನ್ನು ಮಣ್ಣು ಹೋಗುವಂತೆ ತೊಳೆದು, ನೀರು ಆರಿಸಿ, ದೊಡ್ಡದು-ಸಣ್ಣದು ಬೇರೆ ಮಾಡಿ ಕೊಡಿರಿ.

3. ಬೆಲೆಯನ್ನು ಹಂಗಾಮಿಗೆ ಒಮ್ಮೆ ಗೊತ್ತು ಮಾಡಿಕೊಳ್ಳಿರಿ. ಪೇಟೆ ಏರಿದಾಗ ಸ್ವಲ್ಪ ಬಿಟ್ಟರೆ ಇಳಿದಾಗ ಅವರೂ ಬಿಡುತ್ತಾರೆ.

4. ಉದ್ರಿಗೆ ಹದಿನೈದು ದಿನದ ಗಡಿ ಇರಲಿ. ಚೀಟಿಯಲ್ಲಿ ಬರೆದಿಡಿರಿ.

5. ಔಷಧ ಸಿಂಪಡಿಸಿದ ಮೇಲೆ ಹೇಳಿದಷ್ಟು ದಿನ ಕಾಯದೆ ತರಕಾರಿ ಕೀಳಬೇಡಿರಿ. ಅದನ್ನು ಉಣ್ಣುವವರಲ್ಲಿ ನೀವೂ ಇರುತ್ತೀರಿ.

ಬುತ್ತಿ ಕಟ್ಟುವವರಿಗೆ ಒಂದು ಮಾತು

ರೈತನಿಗೆ ಹೋಟೆಲಿನ ಚಾಳಿ ಹಚ್ಚುತ್ತೀರಾ ಎಂದು ಹಿರಿಯರು ಗದರಬಹುದು. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಉಳವಿಯ ಚನ್ನಬಸವಣ್ಣನ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಈ ದಾರಿಯಲ್ಲಿಯೇ ಹೋಗುವ ಬಯಲುಸೀಮೆಯ ರೈತರು ಇಂದಿಗೂ ರೊಟ್ಟಿಯ ಗಂಟು ಬಿಡುವುದಿಲ್ಲ. ಮನೆಯ ಬುತ್ತಿಗೆ ಸಮನಾದುದು ಯಾವುದೂ ಇಲ್ಲ. ಬುತ್ತಿ ಇದ್ದ ದಿನ ಬುತ್ತಿಯನ್ನೇ ಉಣ್ಣಿರಿ. ಇಲ್ಲದ ದಿನ ಹೇಗೂ ಹಣ ಕೊಟ್ಟೇ ಉಣ್ಣಬೇಕು. ಆ ಹಣ ಯಾವ ಕೈಗೆ ಹೋಗಬೇಕು ಎಂಬುದಷ್ಟೇ ಇಲ್ಲಿಯ ಪ್ರಶ್ನೆ.

ಇನ್ನೊಂದು ಸಂಗತಿ ಮನಸ್ಸಿಗೆ ತಂದುಕೊಳ್ಳಿರಿ. ಪೇಟೆಗೆ ಬಂದಾಗ ಜೊತೆಯಲ್ಲಿ ಮಕ್ಕಳು ಇರುತ್ತಾರೆ. ಬಣ್ಣದ ಬೋರ್ಡಿನ ಹೋಟೆಲಿನಲ್ಲಿ ಅವರು ಬೇರೆಯವರ ಊಟವನ್ನು ದೊಡ್ಡದೆಂದು ತಿಳಿಯುತ್ತಾರೆ. ಮನೆಯಲ್ಲಿ ಮಾಡುವ ಮುಡ್ಲಿಯ ಪಲ್ಯ, ಝುಣಕ-ರೊಟ್ಟಿ ಇವೇ ಹಣ ಕೊಟ್ಟು ಉಣ್ಣುವ ಪದಾರ್ಥಗಳು ಎಂದು ಒಮ್ಮೆ ಕಣ್ಣಾರೆ ಕಂಡ ಮಗು ತನ್ನ ಹೊಲವನ್ನೂ ಬೇರೆ ಕಣ್ಣಿನಿಂದ ನೋಡುತ್ತದೆ. ಬೆಳೆದವನೇ ಉಣ್ಣಲು ನಾಚುವ ಬೆಳೆಯನ್ನು ಯಾರು ಕೊಂಡಾರು?

ಇಂತಹ ಎಷ್ಟೋ ಊಟದ ಮನೆಗಳನ್ನು ನಡೆಸುವವರಿಗೆ ವಯಸ್ಸಾಗಿದೆ. ಮಕ್ಕಳು ಬೇರೆ ಕೆಲಸ ಹುಡುಕಿಕೊಂಡಿದ್ದಾರೆ. ಒಂದು ಒಲೆ ಆರಿದರೆ ಆ ಅಡಿಗೆಯ ಜೊತೆಗೆ ಅದು ಬಳಸುತ್ತಿದ್ದ ಬೆಳೆಯೂ ಹೊಲದಿಂದ ಮರೆಯಾಗುತ್ತದೆ. ಮತ್ತೆ ಬೀಜ ಹುಡುಕಿದರೂ ಸಿಗುವುದಿಲ್ಲ. ಹಳ್ಳಿಯ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಮನಸ್ಸು ಮಾಡಿದರೆ ಆರಿಹೋಗುವ ಒಲೆಗಳಲ್ಲಿ ಕೆಲವನ್ನಾದರೂ ಮುಂದುವರಿಸಬಹುದು. ಊರಿನ ರೈತರು ಅವರಿಗೆ ಅಕ್ಕಿ-ತರಕಾರಿಯ ಭರವಸೆ ಕೊಡಬೇಕು.

ಮುಂದಿನ ಸಲ ಪೇಟೆಗೆ ಹೋದಾಗ ಹೆಚ್ಚೇನೂ ಮಾಡಬೇಡಿರಿ. ದೊಡ್ಡ ರಸ್ತೆ ಬಿಟ್ಟು ಒಂದು ಓಣಿ ಒಳಗೆ ಹೋಗಿರಿ. ರೊಟ್ಟಿ ಬಡಿಯುವ ಸದ್ದು ಕೇಳಿದ ಕಡೆ ಕುಳಿತುಕೊಳ್ಳಿರಿ. ಹೊಟ್ಟೆ ತುಂಬ ಉಂಡು ಕೈ ತೊಳೆದ ಮೇಲೆ ಒಂದೇ ಮಾತು ಕೇಳಿರಿ: "ತಾಯೀ, ನಿಮಗ ಯಾವ ಕಾಯಿಪಲ್ಲೆ ಸಾಲೂದಿಲ್ಲ?" ಬರುವ ಹಂಗಾಮಿನಲ್ಲಿ ಏನು ಬಿತ್ತಬೇಕು ಎಂಬ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ.